ಎರಡು ಶಾಲೆಯಲ್ಲಿ ಹಾಜರಿದ್ದ ಹುಡುಗಿ

ಇದು ಎರಡು ವರ್ಷದ ಹಿಂದಿನ ಮಾತು. ಶಾಲೆ ಶುರುವಾಗಿ ಕೆಲವು ವಾರಗಳಾಗಿದ್ದವು. ಜೂನ್ ಕೊನೆಯೋ ಜುಲೈ ಮೊದಲೋ, ಸರಿಯಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗುಂಟು, ಆದರೆ ಆ ವಾರದ ಪುಟಗಳನ್ನು ಸಿಟ್ಟಿನಲ್ಲಿ ಬರೆದಿದ್ದೇನೆ. ಈಗ ಓದಿದರೆ ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ. ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದರಲ್ಲಿ ತಪ್ಪಿರಬಹುದು. ಹುಡುಗಿಯ ವಿಷಯದಲ್ಲಿ ತಪ್ಪಿಲ್ಲ.

ನಾನು ಬಂಗಾರಪೇಟೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಂಪ್ಯೂಟರ್ ಮುಟ್ಟಲು ಹೆದರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲೆಯ ಆನ್‌ಲೈನ್ ಕೆಲಸವೆಲ್ಲ ನನ್ನ ತಲೆಗೇ ಕಟ್ಟಿದ್ದರು. ಹಾಜರಿಗೆ, ಬಿಸಿಯೂಟಕ್ಕೆ, ಶೂ ಅಳತೆಗೆ ಒಂದೊಂದು ಆ್ಯಪ್. ಒಟಿಪಿ ಮಾತ್ರ ನಿವೃತ್ತರಾದ ಹಿಂದಿನ ಹೆಡ್‌ಮಾಸ್ಟರ ಮೊಬೈಲಿಗೇ ಹೋಗುತ್ತಿತ್ತು. ನಾನು ಫೋನ್ ಮಾಡಿದರೆ ಅವರು ಡೇರಿಯಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತಲ್ಲಿಂದಲೇ ಅಂಕಿಗಳನ್ನು ಜೋರಾಗಿ ಓದಿ ಹೇಳುತ್ತಿದ್ದರು. ಅದನ್ನೆಲ್ಲ ನಗುತ್ತಲೇ ಮಾಡುತ್ತಿದ್ದೆ.

ಆ ವರ್ಷ ಎಂಟನೇ ತರಗತಿಗೆ ಭಾರತಿ ಎಂಬ ಹುಡುಗಿ ಸೇರಿದಳು. ಅವಳ ತಾಯಿ ಮುನಿರತ್ನಮ್ಮ ಬೆಂಗಳೂರಿನಲ್ಲಿ ಕಟ್ಟಡಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದರು. ಕತ್ತಲಿರುವಾಗಲೇ ರೈಲು ಹತ್ತಿದರೆ ಬರುವುದೂ ಕತ್ತಲಾದ ಮೇಲೆಯೇ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿಗೆ ಬಂಗಾರಪೇಟೆಯ ಹಾಸ್ಟೆಲ್‌ನಲ್ಲಿ ಸೀಟು ಸಿಗಲೇಬೇಕಿತ್ತು. ಸಿಗದಿದ್ದರೆ ಕುಪ್ಪಂ ಕಡೆಯ ಅಜ್ಜಿ ಊರಿಗೆ ಕಳಿಸುವುದಾಗಿ ತಾಯಿ ಮೊದಲೇ ಹೇಳಿದ್ದರು. ಅಲ್ಲಿ ಓದು ತೆಲುಗಿನಲ್ಲಿ. ಅಲ್ಲಿಗೆ ಹೋದರೆ ಹುಡುಗಿಯ ಓದು ಮುಗಿದ ಹಾಗೆಯೇ.

ಹಾಸ್ಟೆಲ್ ಅರ್ಜಿ ತುಂಬಲು ಕೂತರೆ, ಹುಡುಗಿ ಬೇರೆ ಶಾಲೆಯಲ್ಲಿ ಓದುತ್ತಿದ್ದಾಳೆ ಎಂದು ಪರದೆ ಹೇಳಿತು. ಹಳೆಯ ಶಾಲೆ ಟಿ.ಸಿ. ಕೊಟ್ಟಿತ್ತು, ಸಹಿ ಮೊಹರು ಎಲ್ಲ ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಅವಳ ಹೆಸರನ್ನು ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಎಂಟನೇ ತರಗತಿಯೂ ಇದ್ದದ್ದರಿಂದ ಸಾಫ್ಟ್‌ವೇರ್ ಅವಳನ್ನು ಅಲ್ಲೇ ಮುಂದಿನ ತರಗತಿಗೆ ಏರಿಸಿ ಕೂರಿಸಿತ್ತು. ಆ ಶಾಲೆ ಆಂಡರ್ಸನ್‌ಪೇಟೆ ಕಡೆಯದು. ಅಲ್ಲಿ ಎಂಟನೇ ತರಗತಿಯನ್ನೂ ಆನ್‌ಲೈನ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಟೀಚರು ನನ್ನ ಸ್ವಂತ ಅಕ್ಕ.

ಮೊದಲು ನನಗೆ ಸಮಾಧಾನವೇ ಆಯಿತು. ಒಂದು ಫೋನಿನಲ್ಲಿ ಮುಗಿಯುವ ಕೆಲಸ ಅಂದುಕೊಂಡೆ. ಅಕ್ಕ ಆಗಲಿ ಅಂದಳು. ಮಾರನೆಯ ದಿನ ಸರ್ವರ್ ಇಲ್ಲ ಅಂದಳು. ಅದರ ಮಾರನೆಯ ದಿನ ಫೋನೇ ಎತ್ತಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ, ಹಳೆಯ ಶಾಲೆಯೇ ಬಿಡಬೇಕು, ನಾವು ಮುಟ್ಟುವ ಹಾಗಿಲ್ಲ ಎಂದರು. ಅರ್ಜಿಯ ಕೊನೆಯ ದಿನ ಹತ್ತಿರವಾಗಿತ್ತು. ಮುನಿರತ್ನಮ್ಮ ಒಂದು ದಿನದ ಕೂಲಿ ಬಿಟ್ಟು ಶಾಲೆಗೆ ಬಂದರು.

"ನಮ್ಮುಡ್ಗಿ ದಿನಾ ನಿಮ್ ಇಸ್ಕೂಲ್ಗೇ ಬತ್ತೈತಲ್ವಾ ಮೇಡಂ? ನಿಮ್ ಕಣ್ಣೆದುರ್ಗೇ ಕುಂತೈತಲ್ವಾ? ಇನ್ನೇನಂತೆ ಆ ಮಿಸನ್ಗೆ?"

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಮಾರಿಕುಪ್ಪಂ ರೈಲು ಹತ್ತಿ, ಅಲ್ಲಿಂದ ಆಟೋದಲ್ಲಿ ಅಕ್ಕನ ಮನೆಗೆ ಹೋದೆ. ಅಕ್ಕ ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿದವಳೇ ಎಂದಿನಂತೆ ಮೊಬೈಲ್ ಕೊಟ್ಟು, ಬಿಸಿಯೂಟದ ಲೆಕ್ಕ ಹೋಗ್ತಾ ಇಲ್ಲ, ಸ್ವಲ್ಪ ನೋಡು ಅಂದಳು. ಅವಳಿಗೆ ಇದನ್ನೆಲ್ಲ ಕಲಿಸಿದವಳು ನಾನೇ. ಪಾಸ್‌ವರ್ಡ್ ಕೂಡ ನಾನೇ ಇಟ್ಟದ್ದು, ನಮ್ಮಮ್ಮನ ಹೆಸರು.

ತೆರೆದು ನೋಡಿದೆ. ಅವತ್ತಿನ ಹಾಜರಿಯಲ್ಲಿ ಭಾರತಿಯ ಹೆಸರಿನ ಮುಂದೆ ಹಸಿರು ಗುರುತಿತ್ತು. ಅವತ್ತು ಬೆಳಗ್ಗೆ ಅದೇ ಹುಡುಗಿ ನನ್ನ ತರಗತಿಯಲ್ಲಿ ಎದ್ದು ನಿಂತು ಪಾಠ ಓದಿದ್ದಳು. ಹಿಂದಿನ ದಿನಕ್ಕೆ ಹೋದೆ, ಹಸಿರು. ಅದರ ಹಿಂದಿನ ದಿನವೂ ಹಸಿರು. ಬಿಸಿಯೂಟದ ಲೆಕ್ಕದಲ್ಲಿ ಅವಳ ಊಟವೂ ಸೇರಿತ್ತು.

ಬಿಟ್ಟುಕೊಡುವ ಗುಂಡಿ ನನ್ನ ಹೆಬ್ಬೆರಳಿನ ಹತ್ತಿರವೇ ಇತ್ತು. ಒಟಿಪಿ ಬರುವುದೂ ನನ್ನ ಕೈಯಲ್ಲಿದ್ದ ಆ ಮೊಬೈಲಿಗೇ. ಯಾಕೆ ಒತ್ತಲಿಲ್ಲ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅವಳೇ ಒತ್ತಲಿ ಎಂಬ ಹಟವೋ, ಅಕ್ಕ ಎಂಬ ಭಯವೋ ತಿಳಿಯದು. ಮೊಬೈಲನ್ನು ಅವಳ ಕೈಗೇ ಕೊಟ್ಟು, ಈಗಲೇ ಬಿಡು ಅಂದೆ.

"ಮಕ್ಕಳ ಲೆಕ್ಕ ತಗೊಳ್ತಾರೆ ಕಣೆ ಈ ತಿಂಗಳು. ಅದು ಮುಗೀಲಿ, ಬಿಡ್ತೀನಿ. ಒಬ್ಬಳು ಕಮ್ಮಿ ಆದ್ರೂ ಒಂದು ಪೋಸ್ಟ್ ಹೋಗ್ತದೆ. ಹೋಗೋಳು ನಾನು. ಇವರನ್ನ ಯಾರು ನೋಡ್ಕೊಳ್ತಾರೆ, ನೀನು ಬತ್ತೀಯಾ?"

ಅತ್ತೆ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಹೇಳಿದ್ದು ಸುಳ್ಳಲ್ಲ. ಎಷ್ಟೋ ವರ್ಷ ದೂರದ ಜಿಲ್ಲೆಯಲ್ಲಿದ್ದು ಆ ಊರಿಗೆ ವರ್ಗ ಮಾಡಿಸಿಕೊಂಡವಳು ಅವಳು. ಆದರೆ ಹಾಸ್ಟೆಲ್ ಒಂದು ತಿಂಗಳು ಕಾಯುವುದಿಲ್ಲವಲ್ಲ. ಅದನ್ನೇ ಹೇಳಿದೆ.

"ಹುಡುಗಿ ನಿನ್ನ ಹತ್ರಾನೇ ಇದಾಳಲ್ಲೇ. ನಾನೇನು ಕಟ್ಟಿ ಹಾಕಿದೀನಾ?" ಅಂದಳು ಅಕ್ಕ.

ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಕೊನೆಯ ದಿನ ಕಳೆಯಿತು. ಮುನಿರತ್ನಮ್ಮ ಮಗಳನ್ನು ಅಜ್ಜಿ ಊರಿಗೆ ಕರೆದುಕೊಂಡು ಹೋಗಲು ಬಂದಾಗ ನಮ್ಮ ಹೆಡ್‌ಮಾಸ್ಟರು ಸರ್ವರ್ ಒಪ್ಪಲಿಲ್ಲಮ್ಮ ಅಂದರು. ಆ ತಾಯಿ ನನಗೇ ಸಮಾಧಾನ ಹೇಳಿದರು. "ಓಗ್ಲಿ ಬಿಡಿ ಮೇಡಂ, ಮಿಸನ್ ಒಪ್ಪಲಿಲ್ಲ ಅಂದ್ರೆ ನೀವೇನ್ ಮಾಡ್ತೀರ." ಮಿಷನ್ ಅಲ್ಲ, ನನ್ನ ಅಕ್ಕ ಎಂದು ನಾನು ಹೇಳಲಿಲ್ಲ. ಭಾರತಿ ನಾನು ಕೊಟ್ಟಿದ್ದ ಅಟ್ಲಾಸನ್ನು ವಾಪಸ್ಸು ಮೇಜಿನ ಮೇಲಿಟ್ಟು ಹೋದಳು.

ಸರ್ವರ್ ಎಂಬ ಮಾತು ಕೇಳಿದರೆ ಅಂದಿನಿಂದ ನನಗೆ ಮೈ ಉರಿಯುತ್ತದೆ. ಸರ್ವರ್ ತಾನಾಗಿ ಯಾರಿಗೂ ಹಾಜರಿ ಹಾಕುವುದಿಲ್ಲ, ಬೆರಳು ಬೇಕು. ಮಕ್ಕಳನ್ನು ತಲೆ ಎಣಿಸಿ ಟೀಚರುಗಳನ್ನು ಎತ್ತಿ ಹಾಕುವ ನಿಯಮ ಮಾಡಿದವರದೂ ಒಂದು ಬೆರಳಿದೆ. ಅವರ ಮನೆಯ ಮಕ್ಕಳು ಯಾವ ಪರದೆಯಲ್ಲೂ ಹೀಗೆ ಸಿಕ್ಕಿಕೊಳ್ಳುವುದಿಲ್ಲ.

ಲೆಕ್ಕ ಮುಗಿದ ಮೇಲೆ, ಅಕ್ಕ ಹೇಳಿದಂತೆಯೇ, ನಮ್ಮ ಪರದೆಯಲ್ಲಿ ಭಾರತಿಯ ಹೆಸರು ಬಂತು. ಸೇರಿಸಿಕೊಳ್ಳಬಹುದು ಎಂದಿತ್ತು. ನಾನು ಹೆಡ್‌ಮಾಸ್ಟರಿಗೆ ತರಗತಿಯಲ್ಲಿ ಅವಳ ಖಾಲಿ ಜಾಗ ತೋರಿಸಿದೆ. ಅವರು ಖುಷಿಯಾಗಿ, "ಸೇರಿಸ್ಕೊಳ್ಳಿ ಮೇಡಂ, ನಮ್ಗೂ ಒಂದು ಸಂಖ್ಯೆ ಆಗ್ತದೆ" ಅಂದರು. ನಾನು ಒಪ್ಪಲಿಲ್ಲ. ಒಪ್ಪಲಿಲ್ಲ ಎಂದೇ ನನ್ನ ನೆನಪು. ಅವರೇ ತಮ್ಮ ಮೊಬೈಲಿನಲ್ಲಿ ಒತ್ತಿಕೊಂಡರು.

ಆಮೇಲೆ ಒಮ್ಮೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಅದೇ ಶಾಲೆಯಲ್ಲೇ ಉಳಿದಿದ್ದಳು. ಅತ್ತೆ ಮಲಗಿದ್ದರು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು, ನಾನೂ ಕೂತು ಸುಲಿದೆ. ಜಗಳವಾಡಲು ಹೋಗಿರಲಿಲ್ಲ. ತುಂಬ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತನ್ನು ಮೆಲ್ಲಗೆ ಕೇಳಿದೆ.

"ಅಕ್ಕ, ನೀನು ದಿನಾ ಹಾಜರಿ ಕೂಗ್ತಿದ್ದೆಯಲ್ಲ. ಭಾರತಿ ಹೆಸರು ಬಂದಾಗ ಏನು ಮಾಡ್ತಿದ್ದೆ? ಕೂಗ್ತಿದ್ದೆಯಾ?"

ಅಕ್ಕ ಕಾಳುಗಳನ್ನು ಒಟ್ಟುಮಾಡಿಕೊಂಡು ಅಡುಗೆಮನೆಗೆ ಎದ್ದು ಹೋದಳು.