ಪಾವು, ಹಾವು, ಮಾವು

ಬೆಳಗ್ಗೆ ಎಂಟಕ್ಕೆ ನೋಡಿದರೆ ಅವರ ಹುಬ್ಬು ಕಪ್ಪಗಿರುತ್ತಿತ್ತು, ಸಂಜೆ ಐದಕ್ಕೆ ಬೆಳ್ಳಗಾಗಿರುತ್ತಿತ್ತು. ಮಗ್ಗದ ಶೆಡ್ಡಿನಲ್ಲಿ ದಿನವಿಡೀ ಹಾರುವ ಹತ್ತಿಯ ಧೂಳು ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ, ಅಂಗಿಯ ಹೆಗಲ ಮೇಲೆ ಕೂತು, ಐವತ್ತೆಂಟರ ಮನುಷ್ಯ ಸಂಜೆಯ ಹೊತ್ತಿಗೆ ಎಂಬತ್ತು ದಾಟಿದವರಂತೆ ಕಾಣುತ್ತಿದ್ದರು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದರೆ ಮತ್ತೆ ಐವತ್ತೆಂಟು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅವರನ್ನು ಇಬ್ಬರು ಬೇರೆ ಬೇರೆ ಜನ, ಅಣ್ಣ ತಮ್ಮಂದಿರಿರಬೇಕು ಎಂದುಕೊಂಡಿದ್ದೆ. ಅದನ್ನು ಹೇಳಿದಾಗ ಅವರು, "ದಿನಾ ಒಂದ್ಸಲ ಮುದುಕ ಆಗ್ತಿನಿ ಅಮ್ಮಿಣಿ, ದಿನಾ ತೊಳ್ಕೊಂಡು ಬರ್ತಿನಿ" ಎಂದು ನಕ್ಕರು. ಅಮ್ಮಿಣಿ ಎಂದರೆ ಆ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ನನಗೆ ಆಗ ಅದೂ ಗೊತ್ತಿರಲಿಲ್ಲ.

ಕೊಯಮತ್ತೂರು ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮ ಮೊದಲಾಳಿಯವರದು, ಅಂದರೆ ಯಜಮಾನರದು, ನಾಲ್ಕು ಶೆಡ್ಡು. ನಾಲ್ಕಕ್ಕೂ ಈ ಬಿಳಿ ಹುಬ್ಬಿನವರೇ ಮೇಸ್ತ್ರಿ, ಹಾಗಾಗಿ ಮೊದಲಾಳಿಯಿಂದ ಹಿಡಿದು ಗೇಟು ಕಾಯುವವರ ತನಕ ಎಲ್ಲರಿಗೂ ಅವರು ಬರೀ ಮೇಸ್ತ್ರಿ. ನಾನು ತುಮಕೂರಿನವಳು. ಗಂಡನಿಗೆ ಕೊಯಮತ್ತೂರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದಮೇಲೆ ನಾನೂ ಕೆಲಸ ಹುಡುಕತೊಡಗಿದೆ. ತಮಿಳು ಬಾರದವಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ಸೇರಿಸಿಕೊಂಡವರು ನಮ್ಮ ಮೊದಲಾಳಿ ಒಬ್ಬರೇ. ಅವರದೂ ಮೇಸ್ತ್ರಿಯದೂ ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರ ಮನೆತನ. "ನಾವು ಮನೇಲೆಲ್ಲಾ ಕನ್ನಡಾನೇ ಪೇಸೋದು, ಯೋಚ್ನೆ ಮಾಡ್ದೆ ಬಂದು ಸೇರ್ಕೊಳ್ಳಿ" ಎಂದರು. ಮೂರು ತಿಂಗಳು ನೋಡುವುದು, ಆಮೇಲೆ ಖಾಯಂ ಎಂದು ಮಾತಾಯಿತು.

ಅವರ ಕನ್ನಡ ಕೇಳಿ ನನಗೆ ಒಳಗೊಳಗೇ ನಗು. ಮಗ್ಗಕ್ಕೆ ತರಿ ಎನ್ನುತ್ತಿದ್ದರು. ಹಕಾರ ಎಂಬ ಅಕ್ಷರವನ್ನೇ ಅವರು ಸಾಕಿರಲಿಲ್ಲ. ಹಾಲು ಆಲಾಗಿತ್ತು, ಹಸು ಅಸುವಾಗಿತ್ತು, ಹಾವು ಆವಾಗಿತ್ತು. ಕಾಲೇಜಿನಲ್ಲಿ ಕನ್ನಡಕ್ಕೆ ಮೊದಲ ಬಹುಮಾನ ತೆಗೆದುಕೊಂಡ ಜಂಭ ನನಗೆ. ಒಂದೆರಡು ಸಲ ಮೇಸ್ತ್ರಿಯನ್ನು ತಿದ್ದಲು ಹೋದೆ. ಅವರು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. "ನೀವ್ ಪೇಸೋದು ಬುಕ್ಕು ಕನ್ನಡ, ನಮ್ದು ಮನೆ ಕನ್ನಡ. ಅನ್ನ ಒಂದೇ ಅಮ್ಮಿಣಿ, ಕೊಳಂಬು ಬೇರೆ" ಎಂದರು. ಅವರ ಕೊಳಂಬು ಎಂದರೆ ನಮ್ಮ ಹುಳಿ. ಆಮೇಲೆ ನಾನು ತಿದ್ದುವ ಗೋಜಿಗೆ ಹೋಗಲಿಲ್ಲ, ಆದರೆ ಜಂಭ ಹಾಗೇ ಇತ್ತು.

ಕನ್ನಡ ಮಾತಾಡಿದರೂ ಅವರಿಗೆ ಕನ್ನಡ ಓದಲು ಬಾರದು. ನನಗೆ ತಮಿಳು ಓದಲು ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಮೆಸೇಜು ಎಂಬುದು ಇರಲೇ ಇಲ್ಲ, ಎಲ್ಲ ಕೆಲಸ ಫೋನಿನಲ್ಲಿ ಬಾಯಿಮಾತಿನಲ್ಲೇ. ಅವರು ಫೋನನ್ನು ಅಂಗಿಯ ಜೇಬಿನಲ್ಲಿ ಮುಖ ಹೊರಗೆ ಮಾಡಿ ಇಟ್ಟುಕೊಳ್ಳುತ್ತಿದ್ದರು. ಮಗ್ಗಗಳು ಓಡುವಾಗ ಗಂಟೆ ಕೇಳುವುದಿಲ್ಲ, ನೆಲವೇ ನಡುಗುವುದರಿಂದ ಫೋನು ನಡುಗಿದ್ದೂ ಗೊತ್ತಾಗುವುದಿಲ್ಲ, ಬೆಳಕು ಕಂಡರೆ ಮಾತ್ರ ತಿಳಿಯುತ್ತದೆ. ಕಿವಿ ಅರ್ಧ ಹೋಗಿತ್ತು. ಆದರೆ ಅದೇ ಕಿವಿಯ ಹತ್ತಿರ ನೂಲನ್ನು ಹಿಡಿದು ಪಟ್ಟೆಂದು ಕಿತ್ತು, ಆ ಸದ್ದಿನಲ್ಲೇ ನೂಲು ಗಟ್ಟಿಯೋ ಇಲ್ಲವೋ ಹೇಳುತ್ತಿದ್ದರು. ಯಾರು ಏನೇ ದೂರು ತಂದರೂ ಅವರ ಉತ್ತರ ಒಂದೇ. "ಒಳಗೆ ಬಂದು ನೋಡುಂಗ." ಆಫೀಸಿನಲ್ಲಿ ಕೂತು ಮಗ್ಗದ ವಿಷಯ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಮೊದಲಾಳಿ ನನಗೆ ಒಂದು ಕೆಲಸ ಒಪ್ಪಿಸಿದರು. ಆಫೀಸು, ಶೆಡ್ಡು, ಟೆಂಪೋ ಎಲ್ಲ ಸೇರಿ ಮೂವತ್ತು ಫೋನು, ಒಬ್ಬೊಬ್ಬರದು ಒಂದೊಂದು ಕಂಪನಿಯ ಸಿಮ್ಮು. ಎಲ್ಲವನ್ನೂ ಒಂದೇ ಕಂಪನಿಗೆ ಬದಲಾಯಿಸಬೇಕು, ಯಾವುದು ಒಳ್ಳೆಯದು ನೋಡಿ ಹೇಳಿ ಎಂದರು. ನಾನು ಮೂರು ಕಂಪನಿಗಳಿಂದ ಕಾಗದ ತರಿಸಿ, ಗೆರೆ ಹೊಡೆದು, ಅಂದವಾದ ಪಟ್ಟಿ ಮಾಡಿದೆ. ಮೊದಲಾಳಿಯ ಅಳಿಯನಿಗೆ ಮಾತ್ರ ಪಟ್ಟಿ ಬೇಕಿರಲಿಲ್ಲ. ಒಂದು ಕಂಪನಿಯವರು ಕೇಳಿದಷ್ಟು ಇಂಟರ್ನೆಟ್ಟಿನ ಜೊತೆಗೆ ಒಂದು ಟ್ಯಾಬ್ಲೆಟ್ಟನ್ನು ಉಡುಗೊರೆಯಾಗಿ ಕೊಡುತ್ತೇವೆ ಎಂದಿದ್ದರು, ಅವನ ಮನಸ್ಸು ಅಲ್ಲೇ ಇತ್ತು. ಮೇಸ್ತ್ರಿಯ ಫೋನಿನಲ್ಲಿ ಆಗ ಇದ್ದದ್ದೂ ಅದೇ ಕಂಪನಿಯ ಸಿಮ್ಮು.

ಆ ಸಿಮ್ಮಿನಿಂದಲೇ ಒಂದು ಮಧ್ಯಾಹ್ನ ನನಗೆ ಫೋನು ಬಂತು. ಹಿಂದೆ ಮಗ್ಗಗಳ ಗದ್ದಲ, ನಡುವೆ ಮೇಸ್ತ್ರಿಯ ಕೂಗು. "ಆವು ಬಂದೈತೆ ಅಮ್ಮಿಣಿ, ನಾಕನೇ ಶೆಡ್‌ಗೆ ಆಳು ಕಳ್ಸುಂಗ." ಅಷ್ಟೇ, ಲೈನು ಹೋಯಿತು.

ಇವರು ನುಂಗುವ ಹಕಾರವನ್ನು ಸೇರಿಸಿಕೊಂಡು ಕೇಳುವುದು ನನಗೆ ಅಷ್ಟರಲ್ಲಿ ರೂಢಿಯಾಗಿತ್ತು. ಸೇರಿಸಿಕೊಂಡೆ. ನಾಲ್ಕನೇ ಶೆಡ್ಡಿನಲ್ಲಿ ಹಾವು. ಹೆದರಿಕೆಯಲ್ಲೂ ಬುದ್ಧಿ ಚುರುಕಾಗಿಯೇ ಇತ್ತು ಎಂದು ಆ ಹೊತ್ತಿಗೆ ನನ್ನ ಅನಿಸಿಕೆ. ಗೇಟಿನವರಿಂದ ನಂಬರು ತೆಗೆದುಕೊಂಡು ಹಾವು ಹಿಡಿಯುವವರಿಗೆ ಫೋನು ಮಾಡಿದೆ. ನಾಲ್ಕನೆಯದಕ್ಕೆ ಹೋಗಲು ಧೈರ್ಯವಾಗದೆ, ಮೊದಲ ಮೂರು ಶೆಡ್ಡುಗಳ ಮಗ್ಗ ನಿಲ್ಲಿಸಿ ಎಲ್ಲರನ್ನೂ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ. ಹಾವು ಹಿಡಿಯುವವನು ಕೊಕ್ಕೆ, ಚೀಲ ಹಿಡಿದು ಬೈಕಿನಲ್ಲಿ ಬಂದ. ಸಣಕಲು ಆಸಾಮಿ. ಅವನ ಹಿಂದೆ ನಾಲ್ಕನೇ ಶೆಡ್ಡಿಗೆ ನಾನೂ ಹೋದೆ.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಒಬ್ಬರೇ ಬಂದಿರಾ ಎಂದು ತಮಿಳಿನಲ್ಲಿ ಕೇಳಿದರು. ಎಷ್ಟಿವೆ ಎಂದು ಅವನು ಕೇಳಿದ.

"ಪನ್ನೆಂಡು" ಎಂದರು ಮೇಸ್ತ್ರಿ. ಹನ್ನೆರಡು ಎಂಬುದು ನನಗೂ ಅರ್ಥವಾಯಿತು, ಉಳಿದ ಮಾತು ಆಮೇಲೆ ಕೇಳಿ ತಿಳಿದದ್ದು.

ಅವನ ಕೊಕ್ಕೆ ಕೆಳಗಿಳಿಯಿತು. ಮೇಸ್ತ್ರಿ ಮುಂದುವರಿಸಿ, ಒಂದೊಂದನ್ನು ಎತ್ತಲು ನಾಲ್ಕು ಆಳು ಬೇಕು, ನೀವೊಬ್ಬರು ಏನು ಮಾಡುತ್ತೀರಿ ಎಂದರು. ಹಾವು ಹಿಡಿಯುವವನು ಚೀಲ ಕಂಕುಳಿಗೆ ಸೇರಿಸಿ ಬೈಕಿನ ಕಡೆ ತಿರುಗಿದ. ಆಗ ನನ್ನ ಕಣ್ಣಿಗೆ ಶೆಡ್ಡಿನ ಪಕ್ಕದಲ್ಲಿ ನಿಂತಿದ್ದ ಟೆಂಪೋ ಬಿತ್ತು. ಅದರ ಮೇಲೆ ನೂಲು ಸುತ್ತಿದ ಹನ್ನೆರಡು ದಪ್ಪ ಉರುಳೆ. ಮಗ್ಗಕ್ಕೆ ಏರಿಸಲು ಹೀಗೆ ಉರುಳೆಗೆ ಸುತ್ತಿ ತರುವ ಹಾಸುನೂಲಿಗೆ ಅಲ್ಲಿಯವರು ಪಾವು ಎನ್ನುತ್ತಾರೆ. ನಮ್ಮ ತುಮಕೂರಿನಲ್ಲಿ ಪಾವು ಎಂದರೆ ಅಕ್ಕಿ ಅಳೆಯುವುದು. ಮೇಸ್ತ್ರಿ ಹೇಳಿದ್ದು ಪಾವು ಬಂದಿದೆ, ಇಳಿಸಲು ಆಳು ಕಳಿಸಿ ಎಂದು.

ಬೇವಿನ ಮರದ ಕೆಳಗೆ ಎದ್ದ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮೊದಲಾಳಿ ನಗಲಿಲ್ಲ. "ನಮ್ಮ ಮಾತೇ ನಿಮ್ಗೆ ಪುರಿಯಲ್ಲ ಅಂದ್ರೆ ಆಫೀಸು ನಡ್ಸೋದು ಕಷ್ಟ ಅಮ್ಮಿಣಿ. ಶುಕ್ರವಾರ ಆ ಫೋನ್ ವಿಷಯ ಮುಗ್ಸಿ ಕೊಡಿ, ಅಪ್ಪುರಂ ನೋಡೋಣ" ಎಂದರು. ಆ ನೋಡೋಣ ಎಂಬುದರ ಅರ್ಥ ತಿಳಿಯಲು ಯಾವ ಕನ್ನಡವೂ ಬೇಕಿರಲಿಲ್ಲ. ನನ್ನ ಕೆಲಸ ಹೋಯಿತು ಎಂದೇ ತಿಳಿದು, ಮೇಜಿನ ಡ್ರಾದಲ್ಲಿದ್ದ ಬಾಚಣಿಗೆ, ಉಪ್ಪಿನಕಾಯಿ ಬಾಟಲಿ ಎಲ್ಲ ಚೀಲಕ್ಕೆ ತುಂಬತೊಡಗಿದೆ.

ಮೇಸ್ತ್ರಿ ಬಿಳಿ ಹುಬ್ಬಿನಲ್ಲೇ ಆಫೀಸಿಗೆ ಬಂದರು. "ನಾ ಪಾವು ಅಂದೆ. ನಿಮ್ಗೆ ಏನ್ ಕೇಳ್ತು?"

"ಆವು ಅಂತ."

"ಅಂಗಾದ್ರೆ ಪಾ ಎಲ್ಲಿ ಓಯ್ತು?" ಅವರು ತಮ್ಮ ಫೋನನ್ನು ಜೇಬಿನಿಂದ ತೆಗೆದು, ಕಿತ್ತ ನೂಲಿನ ತುದಿ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. "ನೂಲು ಎಲ್ಲಿ ಕಿತ್ತೋಯ್ತು ಅಂತ ನೋಡ್ದೆ ನೇಯೋರ್ನ ಬೈಬಾರ್ದು. ನಾಳೆ ಪಾರ್ಪೋಂ, ನೋಡೇಬಿಡೋಣ. ಆ ಉಪ್ಪಿನಕಾಯಿ ತೆಗ್ದು ಇಡುಂಗ."

ಮರುದಿನ ಮೂರು ಕಂಪನಿಯ ಮೂರು ಫೋನು ಕೂಡಿಸಿದರು. ಒಂದು ಅವರದೇ, ಒಂದು ಟೆಂಪೋ ಓಡಿಸುವವರದು, ಇನ್ನೊಂದು ನಾಲ್ಕನೇ ಶೆಡ್ಡಿನಲ್ಲಿ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹೆಂಗಸಿನದು. ಕಂಪನಿಗಳ ಹೆಸರು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ತಮ್ಮದಕ್ಕೆ ಹಳದಿ ನೂಲು, ಟೆಂಪೋದವರದಕ್ಕೆ ಬಿಳಿ, ಆ ಹೆಂಗಸಿನದಕ್ಕೆ ಹಸಿರು ಕಟ್ಟಿದರು. ಅವರು ಶೆಡ್ಡಿನ ಮೂಲೆ ಮೂಲೆಗೆ ಹೋಗಿ ನನಗೆ ಫೋನು ಮಾಡಿ ಒಂದೇ ಒಂದು ಮಾತು ಹೇಳಬೇಕು: ಪಾವು, ಇಲ್ಲವೇ ಆವು, ಇಲ್ಲವೇ ಮಾವು. ನನಗೆ ಕೇಳಿಸಿದ್ದನ್ನು ನಾನು ಬರೆಯಬೇಕು. ಬರವಣಿಗೆ ಅವರಿಗೆ ಒಗ್ಗದು, ಅವರು ತಾವು ಹೇಳಿದ್ದನ್ನು ಒಂದು ನೂಲಿನಲ್ಲಿ ಗಂಟು ಹಾಕಿಟ್ಟುಕೊಳ್ಳುತ್ತಿದ್ದರು. ಪಾವಿಗೆ ಒಂದು ಗಂಟು, ಹಾವಿಗೆ ಎರಡು, ಮಾವಿಗೆ ಮೂರು.

ಇನ್ನೊಂದು ಮಾತು ಇರಲಿ ಎಂದು ನಾನು, "ಸಾವು ಅಂತಾನೂ ಸೇರಿಸೋಣವಾ?" ಎಂದೆ.

ಅವರ ಮುಖ ಸಣ್ಣಗಾಯಿತು. "ಅದು ಬೇಡ. ಆ ಮಾತು ಫೋನಲ್ಲಿ ಏಳ್ಬಾರ್ದು ಅಮ್ಮಿಣಿ. ಎಷ್ಟು ದೂರ ಆದ್ರೂ ಬಂದು, ಮುಂದೆ ನಿಂತು ಏಳ್ಬೇಕು. ನಮ್ಮ ಮನೇಲಿ ಅಂಗೆ."

ಮೂರು ದಿನ ಇದೇ ಕೆಲಸ. ಫೋನು ಎತ್ತಿದರೆ ಗದ್ದಲದ ನಡುವಿಂದ "ಮಾವು" ಎಂಬ ಕೂಗು, ಕಟ್. ಎರಡು ನಿಮಿಷ ಬಿಟ್ಟು "ಪಾವು", ಕಟ್. ಅಳಿಯ ಒಂದು ಸಲ ನನ್ನ ಮೇಜಿನ ಮೇಲಿನ ಹಾಳೆ ನೋಡಿ ತಲೆ ಅಲ್ಲಾಡಿಸುತ್ತಾ ಹೋದ. ಸಂಜೆ ನಾನು ಹಾಳೆ ಓದುತ್ತಿದ್ದೆ, ಮೇಸ್ತ್ರಿ ಕಣ್ಣು ಮುಚ್ಚಿ ಗಂಟುಗಳನ್ನು ಬೆರಳಲ್ಲಿ ಸರಿಸುತ್ತಾ ತಾಳೆ ನೋಡುತ್ತಿದ್ದರು. ಬಿಳಿ ನೂಲಿನದು ಎರಡು ಶೆಡ್ಡಿನಲ್ಲಿ ಚೆನ್ನಾಗಿತ್ತು, ಆಚೆಗೆ ಸತ್ತೇ ಹೋಯಿತು. ಹಸಿರಿನದು ತಗಡಿನ ಮಾಡಿನ ನಾಲ್ಕನೇ ಶೆಡ್ಡಿನ ಕೊನೆಯ ಮೂಲೆಯಿಂದಲೂ ಸರಿಯಾಗಿ ಕೇಳಿಸಿತು. ಹಳದಿಯದು ಮೊದಲ ಅಕ್ಷರ ನುಂಗುತ್ತಿತ್ತು. ಪಾವೂ ಆವು, ಮಾವೂ ಆವು. "ಈ ಕಂಪನಿ ತಗೊಂಡ್ರೆ ಊರೆಲ್ಲಾ ಆವೇ" ಎಂದರು ಮೇಸ್ತ್ರಿ.

ಶುಕ್ರವಾರ ಮೊದಲಾಳಿಯ ಕೋಣೆಯಲ್ಲಿ ಅಳಿಯನೂ ಹಳದಿ ನೂಲಿನ ಕಂಪನಿಯ ಮಾರಾಟದವನೂ ಕೂತಿದ್ದರು. ನಾನು ಪಟ್ಟಿ ತೆಗೆದು ಬಾಯಿ ಬಿಡುವುದರೊಳಗೆ ಅಳಿಯ ಅರ್ಜಿಯನ್ನು ಮುಂದಿಟ್ಟಾಗಿತ್ತು, ಮೊದಲಾಳಿಯ ಕೈಯಲ್ಲಿ ಪೆನ್ನೂ ಇತ್ತು. ಆಗ ಅವರ ಫೋನು ಬಡಿದುಕೊಂಡಿತು.

"ಏನು? ಆವಾ?" ಎಂದರು ಮೊದಲಾಳಿ. "ಮತ್ತೆ ಆವಾ? ಈ ಸಲ ನಿಜ್ವಾಗ್ಲೂನಾ?" ಎನ್ನುತ್ತಲೇ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಅವರನ್ನು ನೋಡಿ ಮಾರಾಟದವನೂ ಕಾಲೆತ್ತಿದ.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಹಳದಿ ನೂಲಿನ ಫೋನು ಹಿಡಿದು ಒಳಗೆ ಬಂದರು. "ಪಾವು ಬಂದೈತೆ ಮೊದಲಾಳಿ. ಪಾವು ಅಂತಾನೇ ನಾ ಏಳಿದ್ದು. ಉಟ್ಟಿದಾಗಿಂದ ಪಾವು ನೋಡಿರೋ ನಿಮ್ಗೇ ಆವು ಅಂತ ಕೇಳ್ತು. ತುಮಕೂರಿಂದ ಬಂದಿರೋ ಅಮ್ಮಿಣಿ ಮೇಲೆ ಏನ್ ತಪ್ಪು ಏಳುಂಗ."

ಮಾರಾಟದವನು ಕಾಲು ಇಳಿಸುತ್ತಾ, ಶೆಡ್ಡಿನ ಹೊರಗೆ ನಿಂತು ಮಾತಾಡಿದರೆ ಸ್ಪಷ್ಟವಾಗಿ ಕೇಳುತ್ತದೆ ಸಾರ್ ಎಂದ. "ಒರಗೆ ತರಿ ಇಲ್ವಲ್ಲ" ಎಂದರು ಮೇಸ್ತ್ರಿ. ಮೊದಲಾಳಿ ತಮ್ಮ ಕಾಲು ಇನ್ನೂ ಕುರ್ಚಿಯ ಮೇಲೇ ಇರುವುದನ್ನು ನೋಡಿಕೊಂಡು ನಗತೊಡಗಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ತಿರುಗಿ, "ಯಾವ್ದು ಅಂತ ಅಮ್ಮಿಣಿ ಏಳ್ತಾರೆ" ಎಂದರು. ನಾನು ಹಸಿರು ನೂಲಿನದು ಎಂದೆ. ಕಂಪನಿಯ ಹೆಸರು ಆ ಗಳಿಗೆಯಲ್ಲಿ ನನಗೂ ಮರೆತುಹೋಗಿತ್ತು.

ಮೂವತ್ತು ಸಿಮ್ಮು ಬಂದವು, ನನ್ನ ಕೆಲಸವೂ ಖಾಯಂ ಆಯಿತು. ಆಮೇಲಿನ ವರ್ಷಗಳಲ್ಲಿ ಮೇಸ್ತ್ರಿ ದಿನಾ ಬೆಳಗ್ಗೆ ಹತ್ತಕ್ಕೆ ನಾಲ್ಕನೇ ಶೆಡ್ಡಿನ ಮೂಲೆಯಿಂದ ಫೋನು ಮಾಡಿ, ಮೂರರಲ್ಲಿ ಒಂದು ಮಾತು ಹೇಳಿ ಇಟ್ಟುಬಿಡುತ್ತಿದ್ದರು. ಲೈನು ನೆಟ್ಟಗಿದೆಯೋ ನೋಡುವುದಕ್ಕೆ ಎನ್ನುತ್ತಿದ್ದರು. ಮಾವು ಎಂದ ದಿನ ಮಧ್ಯಾಹ್ನ ನಿಜವಾಗಿಯೂ ಒಂದು ಮಾವಿನಹಣ್ಣು ನನ್ನ ಮೇಜಿನ ಮೇಲಿರುತ್ತಿದ್ದುದೂ ಉಂಟು. ಅವರಿಂದ ನಾನು ತಮಿಳು ಕಲಿತೆ, ನೂಲು ಕಿತ್ತು ಕೇಳುವುದು ಕಲಿತೆ, ಬೇರೆಯವರ ಕನ್ನಡವನ್ನು ತಿದ್ದದೆ ಕೇಳುವುದನ್ನೂ ಕಲಿತೆ. ಊರಿಗೆ ಹೋದಾಗ ನನ್ನ ಬಾಯಲ್ಲಿ "ನೋಡುಂಗ", "ಕೊಡುಂಗ" ಎಂದು ಬಂದು ತಂಗಿಯರು ರೇಗಿಸುತ್ತಾರೆ. ರೇಗಿಸಲಿ, ನನಗೆ ಅದೇ ಇಷ್ಟ.

ಹೋದ ವರ್ಷ ಅವರು ಎರಡು ದಿನ ಜ್ವರವೆಂದು ರಜೆ ಹಾಕಿದ್ದರು. ಮೂರನೆಯ ದಿನ ಹತ್ತು ಗಂಟೆಗೆ ಫೋನು ಬರಲಿಲ್ಲ. ಕಿಟಕಿಯಿಂದ ನೋಡಿದರೆ ಅವರ ಕೈಕೆಳಗೆ ಕಲಿತ ಆ ಹೆಂಗಸು ನಾಲ್ಕನೇ ಶೆಡ್ಡಿನಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಫೋನು ಕೈಯಲ್ಲೇ ಇತ್ತು. ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಅಷ್ಟು ಬೇಗ ಅವಳ ಹುಬ್ಬಿನ ಮೇಲೆ ಧೂಳು ಕೂತಿತ್ತು.

"ಫೋನ್ ಮಾಡಿದ್ರೆ ಆಗ್ತಿರಲಿಲ್ವಾ, ಇಷ್ಟು ದೂರ ಯಾಕೆ ಬಂದೆ?" ಎಂದೆ.

"ಇಲ್ಲ ಅಕ್ಕ" ಎಂದಳು. "ಇದನ್ನ ಬಂದೇ ಹೇಳ್ಬೇಕು."

ಮೂವತ್ತು ಫೋನುಗಳಿಗೆ ನಾವಿಬ್ಬರೂ ಸೇರಿ ಅಷ್ಟು ಒಳ್ಳೆಯ ಕಂಪನಿ ಆರಿಸಿದ್ದೆವು. ಅವರು ಬೇಡವೆಂದ ಆ ಒಂದು ಮಾತಿಗೆ ಮಾತ್ರ ಆರಿಸಿರಲಿಲ್ಲ.