ರೇಣವ್ವನ ಹೂಂ

ಕಥೆ ಹೇಳುವವರಿಗೆ ಬಾಯಿ ಇದ್ದರೆ ಸಾಲದು, ಹೂಂ ಅನ್ನುವ ಒಂದು ಜೀವ ಎದುರಿಗೆ ಕುಳಿತಿರಬೇಕು. ಖಾನಾಪುರದ ರೇಣವ್ವ ಈ ಕೆಲಸವನ್ನು ಲಂಗ ಉಡುವ ವಯಸ್ಸಿನಲ್ಲೇ ಕಲಿತವಳು. ಅವಳ ಅಜ್ಜಿ ಕಥೆ ಹೇಳುವಾಗ ಮಾತುಮಾತಿಗೂ ಯಾರಾದರೂ ಹೂಂ ಅನ್ನಬೇಕಿತ್ತು. ಇಲ್ಲದಿದ್ದರೆ ರಾಜಕುಮಾರನನ್ನು ನಡುಕಾಡಿನಲ್ಲೇ ಬಿಟ್ಟು ಮುದುಕಿ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದಳು. ಉಳಿದ ಮೊಮ್ಮಕ್ಕಳೆಲ್ಲ ನಿದ್ದೆಹೋದರೂ ರೇಣವ್ವ ಆ ರಾಜಕುಮಾರನ ಮದುವೆಯಾಗುವ ತನಕ ಹೂಂ ಅನ್ನುತ್ತಿದ್ದಳು. ಅದೇ ವಿದ್ಯೆ ಮುಂದೆ ತನ್ನ ಸಂಸಾರಕ್ಕೆ ಬೇಕಾದೀತು ಎಂದು ಅವಳಿಗೇನು ಗೊತ್ತು!

ಗಂಡನಾಗಿ ಸಿಕ್ಕ ಬಸಲಿಂಗಪ್ಪ ಹತ್ತಿರದ ಬೀಡಿ ಎಂಬ ಹಳ್ಳಿಯ ರೈತರ ಮನೆಯವನು. ಬೆಳಗಾವಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ತರ್ಕ ಓದಿದವನಿಗೆ ಹೆಣ್ಣು ಕೊಟ್ಟರೆ ಉಪ್ಪು ಕಡಿಮೆಯಾದದ್ದಕ್ಕೂ ಸಾಕ್ಷಿ ಕೇಳುತ್ತಾನೆ ಎಂದು ರೇಣವ್ವನ ಕಾಕಾ ಅಡ್ಡಬಾಯಿ ಹಾಕಿದ್ದ. ಆದರೆ ಋಣಾನುಬಂಧ ಯಾರ ಮಾತು ಕೇಳುತ್ತದೆ? ಇಬ್ಬರೂ ಖಾನಾಪುರದ ಸ್ಟೇಷನ್ ಹತ್ತಿರ ಮನೆ ಮಾಡಿದರು. ಬೆಳಗ್ಗೆ ಅವನು ಪ್ಯಾಸೆಂಜರ್ ಗಾಡಿ ಹತ್ತಿ, ದೇಸೂರ ದಾಟಿ ಬೆಳಗಾವಿಗೆ ಹೋಗುವುದು, ಸಂಜೆ ಮುಖಕ್ಕೆ ಕಲ್ಲಿದ್ದಲ ಮಸಿ ಮೆತ್ತಿಕೊಂಡು ಬರುವುದು. ಎಲೆ ಅಡಿಕೆಯ ಚಟ ಕೂಡ ಇಲ್ಲದ ಆ ಮನುಷ್ಯನಿಗೆ ಇದ್ದದ್ದು ಒಂದೇ ಚಟ, ಪುಸ್ತಕ ಬರೆಯುವುದು.

ಅದೂ ನಾಲ್ಕು ಮಂದಿ ಕೊಂಡು ಓದುವಂಥ ಕಾದಂಬರಿಯಲ್ಲ. ಸರಕಾರ ಬಡವರಿಗೆ ಮಾಡುವ ಯೋಜನೆಗಳು ಎಲ್ಲಿ ದಾರಿ ತಪ್ಪುತ್ತವೆ, ಮನುಷ್ಯರು ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಯಾಕೆ ಬೇರೆ ಮಾಡಿದರು, ಪತ್ರಿಕೆಯಲ್ಲಿ ಸುದ್ದಿ ಹೇಗೆ ತಯಾರಾಗುತ್ತದೆ, ನೆಟ್ಟಗೆ ವಿಚಾರ ಮಾಡುವುದು ಹೇಗೆ, ಇಂಥವೇ. ಬೆಳಗಾವಿಯ ಖಡೇಬಜಾರಿನಲ್ಲಿ ಛಾಪಖಾನೆ ಇಟ್ಟಿದ್ದ ಗುರುಪುತ್ರಪ್ಪ, ‘ಲಗ್ನಪತ್ರಿಕಿ ಛಾಪಿಸಿದ ಪುಣ್ಯಾ ಎಲ್ಲಾ ನಿಮ್ಮ ಪುಸ್ತಕದಾಗ ಹೋಗಾಕತ್ತೇತಿ ನೋಡ್ರಿ ಸರ’ ಎಂದು ಗೊಣಗುತ್ತಲೇ ಅವನ್ನು ಅಚ್ಚು ಮಾಡುತ್ತಿದ್ದ.

ರೇಣವ್ವ ಓದಿದ್ದು ಮರಾಠಿ ಸಾಲೆಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಮನೆಮಾತು ಕನ್ನಡ, ಓದುವ ಲಿಪಿ ಮಾತ್ರ ಮರಾಠಿಯದು. ಖಾನಾಪುರದಲ್ಲಿ ಇದೇನು ವಿಶೇಷವಲ್ಲ. ಹೀಗಾಗಿ ಗಂಡ ಬರೆದದ್ದು ಅವಳಿಗೆ ತಿಳಿಯಬೇಕಾದರೆ ಗಂಡನೇ ಓದಿ ಹೇಳಬೇಕು. ಸಂಜೆ ಅವಳು ಅಡಿಗೆಮನೆಯ ಹೊಸ್ತಿಲ ಬಳಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತ ಕೂರುತ್ತಿದ್ದಳು, ಅವನು ಎದುರಿಗೆ ಮಣೆ ಹಾಕಿಕೊಂಡು ಓದುತ್ತಿದ್ದ.

ಎಪ್ಪತ್ತರ ದಶಕ ಶುರುವಾದ ಹೊಸತು, ಹೆಣ್ಣುಮಕ್ಕಳಿಬ್ಬರೂ ಆಗಲೇ ಸಾಲೆಗೆ ಹೋಗುತ್ತಿದ್ದರು. ಮೊದಲ ಪುಸ್ತಕದ ಮೊದಲ ವಾಕ್ಯ ಹೀಗಿತ್ತು: ‘ಫಲಾನುಭವಿಗಳ ಆಯ್ಕೆಯಲ್ಲಿನ ಅಸಮರ್ಪಕತೆಯು ಯೋಜನೆಯ ಮೂಲೋದ್ದೇಶವನ್ನೇ ವಿಫಲಗೊಳಿಸುತ್ತದೆ.’ ಓದಿ ತಲೆ ಎತ್ತಿದ. ಎದುರಿನಿಂದ ಸದ್ದಿಲ್ಲ.

"ಯಾಕ, ಕೇಳಸಲಿಲ್ಲೇನು?"

"ಕೇಳಸ್ತರಿ. ಹೂಂ ಬರವಲ್ದು."

"ಬರವಲ್ದು ಅಂದ್ರ?"

"ಆಕಳಿಕಿ ಬಂದಂಗ ಹೂಂನೂ ತಾನ ಬರಬೇಕಲ್ರಿ. ನಾ ಎಲ್ಲಿಂದ ತರ್ಲಿ?"

ತರ್ಕಶಾಸ್ತ್ರದ ಮಾಸ್ತರನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮರುದಿನ ಗಾಡಿಯಲ್ಲಿ ಕುಳಿತಾಗ ಅದೇ ವಾಕ್ಯವನ್ನು ಮತ್ತೆ ಓದಿಕೊಂಡರೆ ಅವನಿಗೇ ಹೂಂ ಬರಲಿಲ್ಲ. ಸಂಜೆ ಬಂದು ಬೇರೆ ಓದಿದ: ‘ಮೇವಿಲ್ಲದ ಮನೆಗೆ ಎಮ್ಮೆ ಕೊಟ್ಟರೆ ಮೊದಲು ಸೊರಗುವುದು ಎಮ್ಮೆ, ಆಮೇಲೆ ಮನೆ.’

ರೇಣವ್ವನ ಕೈ ಮೊರದಲ್ಲೇ ನಿಂತಿತು. "ಹೂಂ. ಮುಂದ?" ಅಂದಳು.

ಆ ‘ಮುಂದ’ ಎಂಬ ಮಾತಿಗೆ ಬಸಲಿಂಗಪ್ಪ ಸೋತುಹೋದ. ಅಂದಿನಿಂದ ಅವಳು ಹೂಂ ಅಂದದ್ದು ಉಳಿಯಿತು, ಅನ್ನದೆ ಹೋದದ್ದನ್ನು ಅವನು ಅಳಿಸಿದ.

ಬಣ್ಣದ ಭೇದದ ಪುಸ್ತಕ ಓದುವಾಗ ಬೇರೆಯೇ ತಂಟೆಯಾಯಿತು. ದೂರದ ದೇಶಗಳಲ್ಲಿ ಕಪ್ಪು ಜನರನ್ನು ಕೊಂಡು ಮಾರಿದ್ದು, ಬಿಳಿಯರ ಬಾವಿಯ ನೀರು ಮುಟ್ಟಗೊಡದೆ ಇದ್ದದ್ದು, ಎಲ್ಲದಕ್ಕೂ ಅವಳು ಕಣ್ಣಲ್ಲಿ ನೀರು ತಂದುಕೊಂಡು ಹೂಂ ಅಂದಳು. ಅಧ್ಯಾಯದ ಕೊನೆಯಲ್ಲಿ ‘ಪುಣ್ಯಕ್ಕೆ ನಮ್ಮಲ್ಲಿ ಬಣ್ಣದ ಭೇದವಿಲ್ಲ’ ಎಂದು ಬಂತು. ಅಲ್ಲಿಗೆ ಹೂಂ ಕಡಿದುಬಿತ್ತು.

"ನನ್ನ ನೋಡಾಕ ಬಂದಾಗ ನಿಮ್ಮವ್ವ ಏನ ಅಂದಿದ್ರು, ನೆನಪೈತೇನು?"

ಬಸಲಿಂಗಪ್ಪ ಕೆಮ್ಮಿದ. "ಹುಡುಗಿ ಚಲೋ ಐತಿ, ಬಣ್ಣ ಒಂಚೂರು ಕಡಿಮಿ ಅಂದಿದ್ಲು."

"ಸಂತಿಗೆ ಬರೋ ಕಪ್ಪ ಬಣ್ಣದ ಸಿದ್ದಿ ಹೆಣ್ಣಮಕ್ಕಳು ಬಾಜೂಕ ಬಂದು ನಿಂತ್ರ ನಮ್ಮ ಮಂದಿ ಹೆಂಗ ಸರದು ನಿಲ್ಲತಾರ, ಅದನ್ನರ ನೋಡೀರಿಲ್ಲೊ? ಹೂಂ ಎಲ್ಲಿಂದ ಬರಬೇಕು?"

ಆ ವಾಕ್ಯ ಹೋಯಿತು. ಅದರ ಜಾಗದಲ್ಲಿ ಸಂತೆಯೂ ಬಂತು, ಹೆಣ್ಣು ನೋಡುವ ಶಾಸ್ತ್ರವೂ ಬಂತು. ಬೀಡಿಯಲ್ಲಿದ್ದ ತಾಯಿ ಕಾಶವ್ವ ಅದನ್ನು ಯಾರಿಂದಲೋ ಓದಿಸಿ ಕೇಳಿ ದೀಪಾವಳಿಯ ತನಕ ಸೊಸೆಯ ಜೊತೆ ಮಾತು ಬಿಟ್ಟಳು. ಬರೆದವನು ಮಗ, ಸಿಟ್ಟು ಸೊಸೆಯ ಮೇಲೆ. ಅತ್ತೆಯರ ತರ್ಕಶಾಸ್ತ್ರವನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಪತ್ರಿಕೆಗಳ ಪುಸ್ತಕಕ್ಕೆ ಅವಳ ಮರಾಠಿಯೇ ಉಪಯೋಗಕ್ಕೆ ಬಂತು. ಬೆಳಗಾವಿಯಲ್ಲಿ ಒಂದು ಸಭೆಯಾದರೆ ಅವನು ಕನ್ನಡದ ಪೇಪರ್ ಓದುವನು, ಅವಳು ಮರಾಠಿಯದನ್ನು ಓದುವಳು. ಒಂದರಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಮೈದಾನ. ಅಂಥದೊಂದು ಸಭೆಯ ದಿನ ರೇಣವ್ವ ಸೀರೆ ಕೊಳ್ಳಲು ಅಲ್ಲೇ ಹೋಗಿದ್ದಳು.

"ಎರಡೂ ಖರೇ ಅಲ್ಲರಿ. ಮಳಿ ಬಂದಿತ್ತು. ಮಂದಿ ಎಲ್ಲಾ ಅಂಗಡಿ ಕಟ್ಟಿಮ್ಯಾಲೆ ನಿಂತಿದ್ರು. ಅದರಾಗ ಭಾಷಣ ಕೇಳವ್ರು ಯಾರು, ತೋಯಿಸಿಕೊಳ್ಳಲಾರದವ್ರು ಯಾರು, ಹೆಂಗ ಗೊತ್ತಾಗಬೇಕು?"

ಆ ಪುಸ್ತಕ ಇದೇ ಮಾತಿನಿಂದ ಶುರುವಾಗುತ್ತದೆ. ಹಾಗಂತ ರೇಣವ್ವನನ್ನು ಸರ್ವಜ್ಞೆಯನ್ನಾಗಿ ಮಾಡಿ ಕೂರಿಸುವುದು ಬೇಡ. ನೆಟ್ಟಗೆ ವಿಚಾರ ಮಾಡುವ ಪುಸ್ತಕದಲ್ಲಿ ಒಂದಿಡೀ ಅಧ್ಯಾಯಕ್ಕೆ ಹೂಂ ಬರಲಿಲ್ಲವೆಂದು ಬಸಲಿಂಗಪ್ಪ ಅದನ್ನು ಹರಿದು ಒಲೆಗೆ ಹಾಕಿದ. ಆಮೇಲೆ ತಿಳಿಯಿತು, ಅವಳ ಮನಸ್ಸೆಲ್ಲ ಅಂಗಳದಲ್ಲಿ ಬಿಸಿಲಿಗಿಟ್ಟಿದ್ದ ಉಪ್ಪಿನಕಾಯಿಯ ಭರಣಿಯಲ್ಲಿತ್ತು, ಮೋಡ ಕವಿದಿತ್ತು. ಚೆನ್ನಾಗಿದ್ದ ಅಧ್ಯಾಯ. ಅದರ ಮಾತೆತ್ತಿದರೆ ಅವನು ಈಗಲೂ ನಿಟ್ಟುಸಿರು ಬಿಡುತ್ತಾನೆ, ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಾಳೆ.

ಹೀಗೆ ಹೆಣ್ಣುಮಕ್ಕಳಿಬ್ಬರೂ ದೊಡ್ಡವರಾಗಿ ಗಂಡನ ಮನೆಗೆ ಹೋದರು. ಎಂಬತ್ನಾಲ್ಕರ ಮಳೆಗಾಲದಲ್ಲಿ ಬಸಲಿಂಗಪ್ಪ ಬೆಳಗಾವಿ ಸ್ಟೇಷನ್ನಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಕುಳಿತ. ಜೀವ ಉಳಿಯಿತು. ಡಾಕ್ಟರು ರೇಣವ್ವನನ್ನು ಹೊರಗೆ ಕರೆದು, ದಣಿವಾಗಬಾರದು, ಸಿಟ್ಟು ಬರಬಾರದು, ಮನಸ್ಸಿಗೆ ನೋವಾಗಬಾರದು ಎಂದು ಎಚ್ಚರಿಸಿ ಕಳಿಸಿದರು. ಅವಳು ಆ ಮಾತುಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು.

ರಜೆಯ ಮೇಲಿದ್ದವನು ಸುಮ್ಮನಿದ್ದಾನೆಯೆ? ಕಂಪ್ಯೂಟರ್ ಎಂಬ ಹೊಸ ಯಂತ್ರದ ಮೇಲೆ ಪುಸ್ತಕ ಬರೆಯಲು ಕುಳಿತ. ಅದು ಬಂದರೆ ಗುಮಾಸ್ತರ ಅನ್ನ ಹೋಗುತ್ತದೆ ಎಂದು ಒಬ್ಬರು, ದೇಶವೇ ಉದ್ಧಾರವಾಗುತ್ತದೆ ಎಂದು ಇನ್ನೊಬ್ಬರು ಕೂಗಾಡುತ್ತಿದ್ದ ಕಾಲ. ಜನ ಹೆದರಬಾರದು, ಹುಚ್ಚರೂ ಆಗಬಾರದು, ಅದೇನೆಂದು ತಿಳಿದುಕೊಳ್ಳಬೇಕು ಎಂಬುದು ಅವನ ಹಟ. ಕಾಯಿಲೆ ಬೀಳುವ ಮೊದಲು ಬೆಳಗಾವಿಯ ಒಂದು ಕಚೇರಿಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಆ ಯಂತ್ರದ ದರ್ಶನ ಮಾಡಿ ಬಂದಿದ್ದ.

ಮೊದಲ ಸಂಜೆ ಕ್ಷೀಣ ದನಿಯಲ್ಲಿ ಓದಿದ: ‘ಗಣಕಯಂತ್ರವು ದತ್ತಾಂಶವನ್ನು ದ್ವಿಮಾನ ಪದ್ಧತಿಯಲ್ಲಿ ಸಂಸ್ಕರಿಸುವ ವಿದ್ಯುನ್ಮಾನ ಸಾಧನವಾಗಿದೆ.’

ರೇಣವ್ವನಿಗೆ ‘ಯಂತ್ರ’ ಬಿಟ್ಟು ಒಂದಕ್ಷರವೂ ತಿಳಿಯಲಿಲ್ಲ. ಆದರೆ ಕತ್ತೆತ್ತಿ ನೋಡಿದಳು. ಇಳಿದುಹೋದ ಕೆನ್ನೆ, ಹಾಳೆ ಹಿಡಿದ ಬೆರಳುಗಳ ನಡುಕ. "ಹೂಂ" ಅಂದಳು. ಹುಟ್ಟಿದ ಮೇಲೆ ಅವಳು ಅಂದ ಮೊದಲ ಸುಳ್ಳು ಹೂಂ ಅದು.

ಒಂದು ಅಂದಮೇಲೆ ಎರಡನೆಯದು ಸಲೀಸು. ಪುಟದ ಮೇಲೆ ಪುಟ ಅವನು ಓದಿದ, ಅವಳು ಹೂಂ ಹೂಂ ಅಂದಳು. ಅವನ ಮುಖ ದಿನೇ ದಿನೇ ಅರಳುತ್ತಿತ್ತು. ಗಂಜಿ ಬಿಟ್ಟು ರೊಟ್ಟಿ ಕೇಳತೊಡಗಿದ. ಅದನ್ನು ಕಂಡು ಅವಳಿಗೆ ಹಿಗ್ಗು, ಒಳಗೊಳಗೇ ಪುಕುಪುಕು. ಒಂದು ಸಂಜೆ ಪಕ್ಕದ ಮನೆಯ ಜುಲೇಖಾ ಮೊಸರು ಕೊಡಲು ಬಂದವಳು ಸ್ವಲ್ಪ ಹೊತ್ತು ಕೂತು ಕೇಳಿದಳು. ಹೋಗುವಾಗ ರೇಣವ್ವನ ಕಿವಿಯಲ್ಲಿ, "ಏನವಾ, ಅವರು ಬಾಯಿ ತೆಗಿಯೂದ್ರಾಗ ಹೂಂ ಅಂತಿಯಲ್ಲ? ನಿಂದು ಹೂಂ ಏನು, ಬಿಕ್ಕಳಿಕಿ ಏನು?" ಎಂದು ನಕ್ಕಳು. ರೇಣವ್ವನಿಗೆ ನಗು ಬರಲಿಲ್ಲ.

ಪುಸ್ತಕ ಮುಗಿಯಿತು. ನಾಳೆ ಗುರುಪುತ್ರಪ್ಪ ಬಂದು ಒಯ್ಯುವುದಿತ್ತು. ಅಂದು ಸಂಜೆ ಬಸಲಿಂಗಪ್ಪ, "ಮುನ್ನುಡಿ ಒಂದು ಉಳದೇತಿ, ಕೇಳು" ಎಂದು ಓದಿದ. ‘ಈ ಪುಸ್ತಕದಲ್ಲಿ ನನ್ನ ಹೆಂಡತಿ ರೇಣವ್ವ ಹೂಂ ಅನ್ನದ ಒಂದು ವಾಕ್ಯವೂ ಇಲ್ಲ. ಅವಳು ಒಪ್ಪಿದ್ದು ಎಲ್ಲರಿಗೂ ತಿಳಿಯುತ್ತದೆ ಎಂಬ ಧೈರ್ಯದಿಂದ ಇದನ್ನು ಓದುಗರ ಕೈಗಿಡುತ್ತಿದ್ದೇನೆ.’

ಓದಿ ಕಾದ. ರೇಣವ್ವ ಬಾಯಿ ತೆರೆದಳು. ಹೂಂ ಹೊರಡಲಿಲ್ಲ. ಕಾಣದ ಊರುಗಳ ಓದುವ ಮಂದಿಯೆಲ್ಲ ತನ್ನ ಮಾತು ನಂಬಿ ಬಾಗಿಲಲ್ಲಿ ಬಂದು ನಿಂತಂತಾಯಿತು.

"ಯಾಕ? ತಿಳಿಯಾಕ ಇದರಾಗ ಏನ ಐತಿ?"

"ಇದು ತಿಳೀತರಿ," ಅಂದಳು ರೇಣವ್ವ. ಕಣ್ಣಿನಿಂದ ನೀರು ಮೊರಕ್ಕೆ ಬಿತ್ತು. "ಉಳಿದಿದ್ದು ತಿಳಿದಿಲ್ಲ."

"ಎಲ್ಲಿಂದ ತಿಳಿದಿಲ್ಲ?"

"ಮೊದಲಿಂದ."

ಬಸಲಿಂಗಪ್ಪ ಹಾಳೆಗಳನ್ನು ಕೆಳಗಿಟ್ಟ. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ರೇಣವ್ವ ಬಾಗಿಲ ಸಂದಿಯಿಂದ ಅವನ ಬೆನ್ನನ್ನೇ ನೋಡುತ್ತ ನಿಂತಳು. ಆ ಬೆನ್ನು ಉಸಿರಿಗೆ ಏರಿ ಇಳಿಯುವುದು ಕಾಣುವ ತನಕ ಇವಳಿಗೆ ಉಸಿರಿಲ್ಲ. ಹೋಗಿ ಹೋಗಿ ಮನಸ್ಸಿಗೇ ನೋವು ಮಾಡಿದೆನಲ್ಲ, ಒಂದು ಹೂಂ ಅಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಅವನು ಒಳಗೆ ಬಂದ.

"ಎದಿನೋವು ಬಂದಮ್ಯಾಲೆ ನನ್ನ ಬರವಣಿಗಿ ಭಾಳ ಸುಧಾರಿಸೇತಿ ಅಂತ ತಿಳಿದಿದ್ದೆ," ಅಂದ. ನಗಲು ನೋಡಿದ, ಆಗಲಿಲ್ಲ. "ನೀ ಸುಳ್ಳ ಹೇಳಿದಿ ಅಂತ ಸಿಟ್ಟಿಲ್ಲ ನನಗ. ಇಂವಾ ಇನ್ನ ನಾಕ ದಿನದ ಮನಷ್ಯಾ, ಅಂದಿದ್ದಕ್ಕ ಹೂಂ ಅಂದು ಕಳಿಸಿದ್ರಾತು ಅಂತ ತಿಳದಿ ನೋಡು, ಅದು ಹತ್ತಿತು ಎದಿಗೆ."

"ಹಂಗ ಅನಬ್ಯಾಡ್ರಿ. ನಿಮ್ಮ ಜೀವಾ ಉಳದ್ರ ಸಾಕು ಅಂತ..."

"ಉಳದೇನಲ್ಲ? ಹಂಗಾರ ಉಳದವನ ಮುಂದ ಕುಂತಂಗ ಕುಂದರು."

ಮೊದಲ ಪುಟ ಮೇಲೆ ತೆಗೆದು ಅದರ ಮೊದಲ ವಾಕ್ಯಕ್ಕೆ ಗೀಟು ಎಳೆದ. ಸ್ವಲ್ಪ ಯೋಚಿಸಿ ಬಾಯಿಯಿಂದಲೇ ಹೇಳಿದ: ‘ಕಂಪ್ಯೂಟರ್ ಅಂದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರ.’

ರೇಣವ್ವ ಹೂಂ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅಂಜುತ್ತಲೇ, "ಹಿಟ್ಟಿನ ಗಿರಣಿನೂ ಹಂಗ ಮಾಡತೈತಲ್ರಿ?" ಅಂದಳು.

"ಗಿರಣಿ ಬರೇ ಬೀಸತೈತಿ. ಇದು ಲೆಕ್ಕಾ ಮಾಡತೈತಿ, ಹೊಂದಿಸಿ ಇಡತೈತಿ, ಬೇಕಾದ್ದು ಹುಡುಕಿ ಕೊಡತೈತಿ."

"ಹೇಳವ್ರು ತಪ್ಪ ಹೇಳಿದ್ರ?"

"ತಪ್ಪನ್ನ ಮಾಡತೈತಿ. ಭಾಳ ಜಲದಿ ಮಾಡತೈತಿ."

"ಹಂಗಾರ ಅದಕ್ಕ ಬುದ್ಧಿ ಐತಿ ಅಂತ ಮಂದಿ ಯಾಕ ಅಂತಾರ?"

ಬಸಲಿಂಗಪ್ಪ ಒಂದು ರೀತಿ ಹೇಳಿ ನೋಡಿದ, ಹೂಂ ಇಲ್ಲ. ಇನ್ನೊಂದು ರೀತಿ ಹೇಳಿದ, ಇಲ್ಲ. ಎದ್ದು ನಿಂತು ಕೈ ಆಡಿಸಿ, ಕಾಲೇಜಿನಲ್ಲಿ ಹೇಳುವ ಹಾಗೆ ಹೇಳಿದ. ರೇಣವ್ವ ಕಣ್ಣು ಕಿರಿದು ಮಾಡಿ ಕೇಳಿದಳು, ತಲೆ ಅಲ್ಲಾಡಿಸಿದಳು. ಅವನ ಸಹನೆ ತೀರಿತು. ಮನೆಯ ಹೆಂಚು ಹಾರುವಂತೆ ಕೂಗಿದ:

"ನಿನ್ನ ತಲ್ಯಾಗ ಏನರ ಐತೋ ಇಲ್ಲೊ?"

ಕಾಯಿಲೆ ಬಿದ್ದ ಮೇಲೆ ಆ ಮನೆಯಲ್ಲಿ ಆ ಗಂಟಲು ಕೇಳಿರಲಿಲ್ಲ. ಪಕ್ಕದ ಮನೆಯಲ್ಲಿ ಜುಲೇಖಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಡಾಕ್ಟರ ಮಾತು ನೆನಪಾಗಿ ರೇಣವ್ವ ಗಾಬರಿಯಿಂದ ಮುಖವೆತ್ತಿದಳು. ನೋಡಿದರೆ ಗಂಡ ಕೆಂಪಗಾಗಿ, ನೆಟ್ಟಗೆ, ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತಿದ್ದ, ಹಾಳೆ ಹಿಡಿದ ಕೈ ನಡುಗುತ್ತಿರಲಿಲ್ಲ. ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮೊರ ಬದಿಗಿಟ್ಟು ಕಾಲು ಮಡಚಿ ಸರಿಯಾಗಿ ಕುಳಿತಳು.

"ತಲಿ ಐತ್ರಿ," ಅಂದಳು, "ಅದಕ್ಕ ಹೂಂ ಬರವಲ್ದು. ಇನ್ನೊಮ್ಮಿ ಹೇಳ್ರಿ."