ಎಂಟು ಬಾರ್‌ಗಳ ನರಳಾಟ

ಇಲ್ಲಿ ಅಮೆರಿಕದ ಟೇಲರ್ ಎಂಬ ಊರಿನಲ್ಲಿ ಹಳೆಯ ಮನೆಯೊಂದರ ಸಾಮಾನು ಮಾರುತ್ತಿದ್ದಾಗ ಆ ಪಿಯಾನೊ ಪುಸ್ತಕ ನನ್ನ ಕೈಗೆ ಬಂತು. ಕಾಪೆಲ್ ಎಂಬ ಇನ್ನೊಂದು ಊರಿನಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡುವವಳು ನಾನು. ಹಳೆಯ ಸಂಗೀತದ ಹಾಳೆಗಳನ್ನು ಕಂಡರೆ ಬಿಡುವುದಿಲ್ಲ. ಇದು ಅಮೆರಿಕದ ಅಂತರ್ಯುದ್ಧದ ಕಾಲದ್ದು. ಗಂಡಸರು ರಣರಂಗದಲ್ಲಿದ್ದಾಗ ಮನೆಯ ಹೆಂಗಸರು ಯುದ್ಧವನ್ನೇ ಪಿಯಾನೊದಲ್ಲಿ ನುಡಿಸುತ್ತಿದ್ದರಂತೆ. ನೆಂಟರು ಹಾಲ್‌ನಲ್ಲಿ ಕೂತು ಕೇಳುತ್ತಿದ್ದರಂತೆ. ಸ್ವರಗಳ ಮೇಲೆ ಸಣ್ಣ ಅಕ್ಷರಗಳಲ್ಲಿ ಕಥೆ ಅಚ್ಚಾಗಿತ್ತು: ಸೇನೆ ಹೊರಟಿತು, ಕುದುರೆಗಳ ಓಟ, ಫಿರಂಗಿ, ಗಾಯಾಳುಗಳ ನರಳಾಟ, ವಿಜಯ. ಫಿರಂಗಿ ಬಂದಲ್ಲೆಲ್ಲ ಎಡ ಅಂಗೈಯನ್ನು ಪೂರ್ತಿಯಾಗಿ ಕೀಗಳ ಮೇಲೆ ಬಡಿಯಬೇಕು. ಎರಡು ವಾರ ಅಭ್ಯಾಸ ಮಾಡಿದೆ. ನಿಜ ಹೇಳಬೇಕೆಂದರೆ, ಆ ಬಡಿತ ನನಗೆ ಖುಷಿ ಕೊಡುತ್ತಿತ್ತು.

ಆಮೇಲೆ ಒಂದು ಭಾನುವಾರ ಹ್ಯೂಸ್ಟನ್‌ಗೆ ಹೋದೆ. ಅದರ ಪಕ್ಕದ ಮಿಸೌರಿ ಸಿಟಿಯಲ್ಲಿ ಗೆಳತಿಯ ಮನೆಯಲ್ಲಿ ಊಟ. ಅವಳು ಡಾಕ್ಟರ್, ಮಗಳು ಕಾಲೇಜಿಗೆ ಹೋದ ಮೇಲೆ ಅವರ ದೊಡ್ಡ ಪಿಯಾನೊ ಮುಚ್ಚಿಯೇ ಇತ್ತು. ನಮ್ಮ ದೇಶದ ಗಡಿಯಲ್ಲಿ ಗುಂಡು ಹಾರುತ್ತಿದ್ದ ವಾರ ಅದು. ಗಂಡಸರೆಲ್ಲ ಟಿವಿಯ ಮುಂದೆ ಕೂತು ಯಾವ ವಿಮಾನ, ಎಷ್ಟು ದೂರ ಹಾರುತ್ತದೆ ಎಂದು ವಾದ ಮಾಡುತ್ತಿದ್ದರು. ಗೆಳತಿ ಟಿವಿಯ ಸದ್ದು ಅಡಗಿಸಿ, "ಇವಳು ಪಿಯಾನೊದಲ್ಲೇ ಯುದ್ಧ ತೋರಿಸ್ತಾಳೆ, ಬನ್ನಿ" ಎಂದಳು.

ಅಚ್ಚಾಗಿದ್ದ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತ ನುಡಿಸಿದೆ. ಫಿರಂಗಿಗೆ ಜನ ನಕ್ಕರು, ನರಳಾಟಕ್ಕೆ ಸುಮ್ಮನಾದರು. ವಿಜಯ ಮುಗಿದದ್ದೇ ಚಪ್ಪಾಳೆ. "ಆಂಟಿ, ದಟ್ ವಾಸ್ ಸೋ ಕೂಲ್" ಎಂದಳು ಒಬ್ಬ ಹುಡುಗಿ. ಎಲ್ಲರೂ ಊಟಕ್ಕೆ ಎದ್ದರು.

ಒಬ್ಬರು ಮಾತ್ರ ಏಳಲಿಲ್ಲ. ಧಾರವಾಡದ ಆಂಟಿ; ಎಪ್ಪತ್ತು ದಾಟಿದವರು, ಹ್ಯೂಸ್ಟನ್‌ನ ಲ್ಯಾಬ್ ಒಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಕುರ್ಚಿಯನ್ನು ಪಿಯಾನೊ ಹತ್ತಿರ ಎಳೆದುಕೊಂಡು ಕೇಳಿದರು:

"ಆ ನರಳಾಟ ಎಷ್ಟೊತ್ತು ಐತ್ರಿ, ಪುಸ್ತಕದಾಗ?"

"ಎಂಟು ಬಾರ್ ಆಂಟಿ, ನಮ್ಮ ತಾಳದ ಎಂಟು ಆವರ್ತ ಇದ್ದ ಹಾಗೆ. ಅರ್ಧ ನಿಮಿಷಾನೂ ಆಗಲ್ಲ."

"ನಮ್ಮಣ್ಣ ಮುಂಜಾನಿಂದ ಸಂಜಿತನಕ ನರಳಿದ್ನಂತ."

ಅಣ್ಣ ಸೈನ್ಯದಲ್ಲಿದ್ದನಂತೆ. ಅವನು ಸತ್ತಾಗ ಆಂಟಿಗೆ ಹತ್ತೊಂಬತ್ತು. ಜೊತೆಗಿದ್ದ ಸೈನಿಕನೊಬ್ಬ ಮನೆಗೆ ಬಂದು, ಒಂದೇ ಗುಂಡಿಗೆ ಹೋದ, ನೋವೇ ಆಗಲಿಲ್ಲ ಎಂದು ತಾಯಿಗೆ ಹೇಳಿದ. ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ ಆಂಟಿಗೆ ಮಾತ್ರ ನಿಜ ಹೇಳಿಬಿಟ್ಟ. ಅಣ್ಣ ಎರಡೂ ಕಡೆಯ ಗುಂಡಿನ ನಡುವೆ ಗದ್ದೆಯಲ್ಲಿ ಬಿದ್ದಿದ್ದ. ನೀರು ಕೇಳುತ್ತಿದ್ದ, ಜೊತೆಯ ಸೈನಿಕರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಹೋಗಲು ಯಾರಿಗೂ ಆಗಲಿಲ್ಲ. ಕತ್ತಲಾಗುವ ಹೊತ್ತಿಗೆ ದನಿ ನಿಂತಿತು.

"ಅವ್ವಗ ಹೇಳಲಿಲ್ರಿ. ಆಕಿ ಸಾಯೋತನಕ, ಅವಗ ನೋವಾಗಲಿಲ್ಲ ಅಂತ ನಾನೂ ಹೇಳ್ಕೋತ ಬಂದೆ."

"ಕ್ಷಮಿಸಿ ಆಂಟಿ, ನಾನು ಇದನ್ನ ನುಡಿಸಬಾರದಿತ್ತು" ಎಂದೆ.

"ಅದಕ್ಕ ಹೇಳಲಿಲ್ಲ. ಆ ನರಳಾಟ ಅಷ್ಟ ಇನ್ನೊಮ್ಮೆ ನುಡಸ್ರಿ. ಮುಂದ ಹೋಗಬ್ಯಾಡ್ರಿ."

ನುಡಿಸಿದೆ. "ಇನ್ನೊಮ್ಮೆ" ಎಂದರು. ಮತ್ತೆ ನುಡಿಸಿದೆ. ಎಷ್ಟು ಸಲವೋ ಲೆಕ್ಕ ತಪ್ಪಿತು. ನುಡಿಸುತ್ತ ಹೋದಂತೆ ಆ ಎಂಟು ಬಾರ್ ಎಷ್ಟು ಸಿಹಿಯಾಗಿವೆ ಎಂಬುದು ಕಿವಿಗೆ ಬಿದ್ದು ಹೇಸಿಗೆಯಾಯಿತು. ಬರೆದವನು ಯಾರ ನರಳಾಟವನ್ನೂ ಕೇಳಿರಲಾರ. ಊಟದ ಮನೆಯ ಮಾತು ನಿಂತಿತ್ತು. ಕರೆಯಲು ಬಂದ ಗೆಳತಿ ಬಾಗಿಲಲ್ಲೇ ನಿಂತು, ಆಂಟಿಯ ಮುಖ ನೋಡಿ ಹಿಂದಿರುಗಿದಳು. ನನ್ನ ಮಣಿಕಟ್ಟು ನೋಯತೊಡಗಿದಾಗ ಆಂಟಿ "ಸಾಕ್ರಿ" ಎಂದು ಎದ್ದು, ಮುಖ ತೊಳೆದುಕೊಂಡು, ಎಲ್ಲರ ಜೊತೆ ಕೂತು ಮೊಸರನ್ನ ಉಂಡರು.

ಮರುತಿಂಗಳು ಆಸ್ಟಿನ್‌ನ ಒಂದು ಕಾರ್ಯಕ್ರಮದಲ್ಲಿ ಅದನ್ನೇ ನುಡಿಸಲು ಮೊದಲೇ ಒಪ್ಪಿದ್ದೆ. ಬೇರೆ ಏನಾದರೂ ನುಡಿಸುತ್ತೇನೆ ಎಂದು ಪತ್ರ ಬರೆದೆ, ಕಳಿಸಲಿಲ್ಲ. ಕರಪತ್ರದಲ್ಲಿ ಹೆಸರು ಅಚ್ಚಾಗಿದೆ, ಈಗ ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನುಡಿಸಿದೆ.

ಕೆಲವು ದಿನಗಳ ಮೇಲೆ ಆಂಟಿ ಫೋನ್ ಮಾಡಿದರು.

"ಆಸ್ಟಿನ್‌ದಾಗ ನುಡಿಸಿದ್ರೇನು?"

"ನುಡಿಸಿದೆ ಆಂಟಿ."

"ಪೂರಾ?"

"ಪೂರ್ತಿ. ವಿಜಯದವರೆಗೂ."

"ಮಂದಿ ಏನಂದ್ರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎದ್ದು ನಿಂತು ಚಪ್ಪಾಳೆ ತಟ್ಟಿದರು."

"ಹೊಡೀತಾರ ಬಿಡ್ರಿ," ಎಂದರು ಆಂಟಿ. "ಅವತ್ತ ನಾನೂ ಎಲ್ಲಾರ ಕೂಡ ಚಪ್ಪಾಳಿ ಹೊಡದೇನಿ. ಹೊಡದ ಮ್ಯಾಲೆ ನಮ್ಮಣ್ಣನ ನೆನಪಾತು."